ನಿಂದೊಂದು, ನಂದೈದು

ರೇವಣಸಿದ್ದ ಮಾಸ್ತರರು ಹುಟ್ಟಿದ್ದು ಜೂನ್ ಒಂದನೇ ತಾರೀಖು. ಅದೇನು ಹೇಳಿಕೊಳ್ಳುವಂಥ ಸಂಗತಿಯಲ್ಲ. ದೇವದುರ್ಗದ ಅವರ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಒಂಬತ್ತು ಮಂದಿ ಇದ್ದರೆ ಅದರಲ್ಲಿ ಆರು ಮಂದಿ ಅದೇ ತಾರೀಖಿನವರು. ‘ಮೂರರಲ್ಲಿ ಎರಡು ಪಾಲು’ ಎಂದು ಮಾಸ್ತರರೇ ಭಿನ್ನರಾಶಿಯನ್ನು ಸುಲಭರೂಪಕ್ಕೆ ತಂದು ನಗಿಸುತ್ತಿದ್ದರು.

ಅವರ ಕಾಲದ ಹಳ್ಳಿಯ ತಾಯಂದಿರು ಕೂಸು ಹುಟ್ಟಿದ್ದನ್ನು ಮಳೆಯ ಮೇಲೆ, ಹಬ್ಬದ ಮೇಲೆ ನೆನಪಿಟ್ಟವರು. ಶಾಲೆಯ ದಾಖಲಾತಿಗೆ ಮಾತ್ರ ತಾರೀಖೇ ಆಗಬೇಕು. ಅದಕ್ಕೆ ಹೆಡ್‌ಮಾಸ್ತರರು ಒಂದು ಉಪಾಯ ಇಟ್ಟುಕೊಂಡಿದ್ದರು. ಮಗುವಿನ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಲು ಹೇಳುವುದು. ಮುಟ್ಟಿದರೆ ಆರು ವರ್ಷ ತುಂಬಿತು ಎಂದು ತಿಳಿದು, ಶಾಲೆ ಶುರುವಾಗುವ ಜೂನ್ ಒಂದನ್ನೇ ಹುಟ್ಟಿದ ದಿನವೆಂದು ಬರೆದು, ‘ಮುಂದಿನಾಂವ ಬಾರಲೇ’ ಎನ್ನುವುದು. ಹೀಗೆ ಒಂದೇ ದಿನ ಹುಟ್ಟಿದವರೆಲ್ಲ ಒಂದೇ ದಿನ, ಮೇ ಮೂವತ್ತೊಂದಕ್ಕೆ, ಅರವತ್ತು ತುಂಬಿತೆಂದು ಹಾರ ಹಾಕಿಸಿಕೊಂಡು ಮನೆಗೆ ಹೋಗುತ್ತಾರೆ.

ಈ ವರ್ಷ ಮಾಸ್ತರರ ಸರದಿ ಬಂದಿತ್ತು. ಅವರ ಜೊತೆ ಇನ್ನಿಬ್ಬರು ನಿವೃತ್ತರಾದರು. ಆ ಇಬ್ಬರ ಹೆಂಡತಿ, ಮಕ್ಕಳು, ಮೊಮ್ಮಕ್ಕಳಿಂದ ವೇದಿಕೆ ತುಂಬಿಹೋಯಿತು. ಮಾಸ್ತರರ ಪಕ್ಕದ ಕುರ್ಚಿ ಖಾಲಿ ಇದ್ದದ್ದಕ್ಕೆ ಯಾರೋ ಅದರ ಮೇಲೆ ಹಾರದ ಬುಟ್ಟಿ ಇಟ್ಟರು. ಒಂದು ಕಾಲಕ್ಕೆ ಅವರ ಕೈಯಲ್ಲೇ ಕಲಿತು ಈಗ ಅವರ ಜಾಗಕ್ಕೆ ಗಣಿತ ಕಲಿಸಲು ಬಂದ ಸಂಘಮಿತ್ರಾ ಮೇಡಂ ಮೈಕಿನ ಮುಂದೆ ನಿಂತು ಹೇಳಿದಳು: “ಅನುಪಾತ, ಭಿನ್ನರಾಶಿ ಕೂಡಿದ ಕತಿ ಲೆಕ್ಕ ಅಂದ್ರ ನಾವು ಅಂಜಿ ಸಾಯತಿದ್ವಿ. ಸರ್ ಒಂದಾ ಮಾತು ಹೇಳತಿದ್ರು. ಲೆಕ್ಕ ಬಿಡಸೂದು ಆಮ್ಯಾಗ, ಮೊದಲು ಎಕ್ಸ್ ಅಂದ್ರ ಏನು ಅಂತ ಬರೀರಿ ಅಂತ.” ಮಕ್ಕಳು ಚಪ್ಪಾಳೆ ತಟ್ಟಿದರು. ಮಾಸ್ತರರು ಬುಟ್ಟಿಯ ಕಡೆ ನೋಡುತ್ತ ಕೂತಿದ್ದರು.

ದೇವದುರ್ಗದಲ್ಲಿ ಇನ್ನು ಯಾರ ಮುಖ ನೋಡಿ ಇರುವುದು ಎಂದು ರಾಯಚೂರಿಗೆ ಬಂದು ಸ್ಟೇಷನ್ ರಸ್ತೆಯ ಹಿಂದೆ ಸತ್ತಾರ್ ಸಾಬ್ ಅವರ ಮನೆಯ ಮಾಳಿಗೆಯ ಕೋಣೆ ಹಿಡಿದರು. ಒಂದು ಮಂಚ, ಒಂದು ಟ್ರಂಕು, ಒಂದು ಸ್ಟೌ. ಮೊದಲ ಸೋಮವಾರ ಬೆಳಿಗ್ಗೆ ಎಂಟೂವರೆಗೆ ಎದ್ದು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಬಾಗಿಲ ತನಕ ಬಂದವರು ಎಲ್ಲಿಗೆ ಹೋಗುವುದೆಂದು ತಿಳಿಯದೆ ಮತ್ತೆ ಮಂಚದ ಮೇಲೆ ಕೂತರು. ಒಬ್ಬರೇ ಇರುವುದು ಅವರಿಗೆ ಹೊಸದಲ್ಲ. ಆದರೆ ಇಷ್ಟು ದಿನ ಶಾಲೆಯ ಗದ್ದಲದಲ್ಲಿ ಅದು ಅಷ್ಟಾಗಿ ಕೇಳಿಸುತ್ತಿರಲಿಲ್ಲ.

ಮದುವೆ ಏಕೆ ಆಗಲಿಲ್ಲ ಎಂದು ಕೇಳಿದವರಿಗೆಲ್ಲ ಮಾಸ್ತರರು ನಕ್ಕು ಸುಮ್ಮನಾಗುತ್ತಿದ್ದರು. ಕಾರಣ ಅವರ ಟ್ರಂಕಿನ ತಳದಲ್ಲಿತ್ತು. ಎರಡು ಕಾಗದ. ಒಂದು ಶಾಲೆಯ ಪ್ರಮಾಣಪತ್ರ, ಅದರಲ್ಲಿ ಹುಟ್ಟಿದ ದಿನ 1-6-1965. ಇನ್ನೊಂದು ಅಪ್ಪ ದುರುಗಪ್ಪನ ಮರಣ ಪತ್ರ, ಅದರಲ್ಲಿ ಸತ್ತ ದಿನ 19-1-1965. ಹಿರೇಕೊಟ್ನೆಕಲ್ಲಿನ ಕುರಿಗಾರ ದುರುಗಪ್ಪ ಹಾವು ಕಡಿದು ಸತ್ತಿದ್ದ. ಅವ್ವ ಮುಂದೆ ಎರಡೇ ವರ್ಷಕ್ಕೆ ಜ್ವರದಲ್ಲಿ ಹೋದಳು. ದೊಡ್ಡಪ್ಪ ಸಾಕಿದ. ಮಾನ್ವಿಯ ಹಾಸ್ಟೆಲ್ಲಿಗೆ ಸೇರಿಸುವಾಗ ತಂದೆಯಿಲ್ಲದ ಹುಡುಗ ಎಂದು ತೋರಿಸಲು ಆ ಮರಣ ಪತ್ರ ತೆಗೆಸಿದ್ದು ಅವನೇ. ಹಾಸ್ಟೆಲ್ಲಿನಲ್ಲಿ ಒಂದು ದಿನ ಹುಡುಗ ರೇವಣಸಿದ್ದ ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು ಕಳೆದು ನೋಡಿದ. ನಾಲ್ಕೂವರೆ ತಿಂಗಳು. ಅಪ್ಪ ಸತ್ತಾಗ ತಾನು ಅವ್ವನ ಹೊಟ್ಟೆಯಲ್ಲಿದ್ದೆ ಎಂದು ಅವತ್ತು ತಿಳಿದುಕೊಂಡ.

ದೊಡ್ಡವ್ವ ಸಿಟ್ಟು ಬಂದಾಗಲೆಲ್ಲ ‘ಅಪ್ಪನ್ನ ನುಂಗಿದ ಕೂಸು’ ಎನ್ನುತ್ತಿದ್ದದ್ದಕ್ಕೂ ಕಾಗದದ ಲೆಕ್ಕಕ್ಕೂ ಸರಿಯಾಗಿ ತಾಳೆ ಬಿತ್ತು. ಜೂನ್ ಒಂದು ಎಂಬುದು ಸುಳ್ಳೆಂದು ಅವರಿಗೂ ಗೊತ್ತಿತ್ತು. ಆದರೆ ಒಂದೆರಡು ತಿಂಗಳು ಆಚೀಚೆ ಇರಬಹುದು, ಅದಕ್ಕಿಂತ ಹೆಚ್ಚು ಎಲ್ಲಿ ಹೋಗುತ್ತದೆ ಅಂದುಕೊಂಡರು. ಗಣಿತ ಕಲಿಸುವವರು ಇಂಥದನ್ನು ನಂಬುತ್ತಾರೆಯೇ ಎಂದು ಕೇಳಬಹುದು. ನಂಬಿದರು. ಬೋರ್ಡಿನ ಮುಂದೆ ನಿಂತಾಗ ನಂಬುತ್ತಿರಲಿಲ್ಲ, ಕೋಣೆಗೆ ಬಂದು ಚಿಲಕ ಹಾಕಿದ ಮೇಲೆ ನಂಬುತ್ತಿದ್ದರು. ಮಾನ್ವಿಯ ಕನ್ಯಾಶಾಲೆಯಲ್ಲಿದ್ದ ನಾಗವೇಣಿ ಟೀಚರ್ ಕಡೆಯಿಂದ ಅವಳ ಅಣ್ಣನೇ ಬಂದು ಕೇಳಿದ್ದ. ಹುಡುಗಿ ಅವರಿಗೂ ಮನಸ್ಸಿಗೆ ಬಂದಿದ್ದಳು. ಹುಟ್ಟುವ ಮೊದಲೇ ಒಬ್ಬನನ್ನು ನುಂಗಿದವನು ಕಟ್ಟಿಕೊಂಡವಳಿಗೂ ಅವಳ ಹೊಟ್ಟೆಯ ಕೂಸಿಗೂ ಏನು ಮಾಡಿಯಾನೋ ಎಂದು ಹೆದರಿ ಆಗುವುದಿಲ್ಲ ಎಂದರು. ಆಕೆ ಎರಡು ವರ್ಷ ಕಾದು ಬೇರೆ ಕಡೆ ಮದುವೆಯಾದಳು. ಆಮೇಲೆ ಮಾಸ್ತರರು ಬಾಣಂತಿ ಇರುವ ಮನೆಗೆ ಕಾಲಿಡಲಿಲ್ಲ, ಯಾರ ಕೂಸನ್ನೂ ಎತ್ತಿಕೊಳ್ಳಲಿಲ್ಲ. ಬಿಗುಮಾನದ ಮನುಷ್ಯ ಎಂದು ಜನ ಅಂದುಕೊಂಡರು. ಹಾಗೆ ಅಂದುಕೊಂಡದ್ದೇ ಅವರಿಗೆ ಅನುಕೂಲವಾಯಿತು.

ಜೂನಿನ ಮಿರಗದ ಮಳೆ ಒಂದು ಸುತ್ತು ಬಂದು ಹೋದ ಮೇಲೆ ಮಲ್ಲಟದಿಂದ ಅಯ್ಯಣ್ಣ ಫೋನ್ ಮಾಡಿದ. ಅಯ್ಯಣ್ಣನೆಂದರೆ ಮಾರೆಮ್ಮನ ಮಗ. ಮಾರೆಮ್ಮ ದೊಡ್ಡಪ್ಪನ ಒಬ್ಬಳೇ ಮಗಳು, ಮಾಸ್ತರರನ್ನು ಬಗಲಲ್ಲಿ ಹೊತ್ತು ಬೆಳೆಸಿದ ಅಕ್ಕ.

“ಮಾಮಾ, ಅವ್ವ ನಿಮ್ಮನ್ನ ಕರಿಯಾಕತ್ತಾಳ. ಆಕಿ ವಯಸ್ಸಿಂದು ಏನೋ ಲೆಕ್ಕ ಅದ ಅಂತ. ಬರ್ರಿ ಒಮ್ಮೆ.”

ಮಾಸ್ತರರು ಹೋದರು. ಬೇರೆ ಕೆಲಸವಾದರೂ ಏನಿತ್ತು? ಮಲ್ಲಟದಲ್ಲಿ ಬಸ್ಸಿಳಿದು ಮನೆಯ ಹತ್ತಿರ ಬರುತ್ತಿದ್ದಂತೆ ಒಳಗಿನಿಂದ ಎಳೆಗೂಸಿನ ಅಳು ಕೇಳಿ ಕಾಲು ನಿಂತವು. ಅಯ್ಯಣ್ಣನ ಮಗಳು ಶೈಲಶ್ರೀ ಹೆರಿಗೆಗೆ ಬಂದವಳು ಹಡೆದು ಹದಿನೈದು ದಿನವಾಗಿತ್ತು. ಅದನ್ನು ಅಯ್ಯಣ್ಣ ಫೋನಿನಲ್ಲಿ ಹೇಳಿರಲಿಲ್ಲ. ಒಳಗೆ ಬರ್ರಿ ಎಂದು ಎಷ್ಟು ಕರೆದರೂ ಮಾಸ್ತರರು ಸೆಕೆಯ ನೆಪ ಹೇಳಿ ಅಂಗಳದ ಬೇವಿನ ಗಿಡದ ಕೆಳಗೇ ಕೂತರು. ಮಾರೆಮ್ಮ ಮೊಣಕಾಲು ಹಿಡಿದುಕೊಂಡು ಎದ್ದು ಅಲ್ಲಿಗೇ ಬಂದಳು.

“ಆಧಾರ ಕಾರ್ಡಿನ್ಯಾಗ ನನಗ ಐವತ್ತೆಂಟು ಅಂತ ಬರದಾರ. ನನ್ನ ಮಗಗ ಐವತ್ತೆರಡು. ಆರು ವರ್ಷದಾಕಿ ಹಡದೆನೇನು ನಾನು?”

ಮಾಸ್ತರರಿಗೆ ನಗು ತಡೆಯಲಾಗಲಿಲ್ಲ.

“ನಗಬ್ಯಾಡಲೇ ಸಿದ್ದಾ. ವೃದ್ಧಾಪ್ಯ ವೇತನಕ್ಕ ಡಾಕ್ಟರ್ ಕಡಿಂದ ವಯಸ್ಸು ಬರಸ್ಕೊಂಡು ಬಾ ಅಂದಾರ. ಡಾಕ್ಟರ್ ಎಷ್ಟು ಯವ್ವಾ ಅಂತ ನನ್ನನ್ನಾ ಕೇಳತಾನ. ಬಾಯಿಗಿ ಬಂದಿದ್ದು ಹೇಳಿದ್ರ ಸುಳ್ಳಾಕತಿ. ನೀ ಲೆಕ್ಕದ ಮಾಸ್ತರ ಅದಿ, ಖರೇದ್ದು ತಗದು ಕೊಡು.”

“ತಗದು ಕೊಡಾಕ ಏನರ ಗುರುತು ಬೇಕಲ್ಲಕ್ಕಾ. ಸುಮ್ಮನ ಹೆಂಗ ತಗೀಲಿ?”

ಮಾರೆಮ್ಮ ಯೋಚಿಸಿದಳು. ಅವಳಿಗೆ ಅಂಕಿ ಬಾರದು, ಆದರೆ ಕಂಡದ್ದನ್ನು ಮರೆಯುವ ಹೆಂಗಸಲ್ಲ.

“ಕುರಿ ಅದಾವಲ್ಲ, ಅವ್ರಿಂದ ಆಗತೈತೇನು ನೋಡು. ನಿಮ್ಮಪ್ಪ, ನಮ್ಮ ಕಾಕಾ, ಪ್ರತಿ ದೀಪಾವಳಿಗಿ ನನ್ನ ಹೆಸರಿಲೆ ಒಂದು ಮರಿ ಬಿಡತಿದ್ದ. ಕಿವಿಗಿ ಗುರುತು ಮಾಡಿ ಬಿಡೂದು. ನಾ ಹುಟ್ಟಿದ ವರ್ಷದಿಂದ ಒಂದು ದೀಪಾವಳಿ ತಪ್ಪಿಸಿಲ್ಲ. ಗುರುತಿಂದು ಸತ್ರ ಬದಲಿ ಇನ್ನೊಂದು. ಅವು ಈದ ಮರಿ ಎಲ್ಲಾ ಹಿಂಡಿಗಿ. ಮಕ್ಕಳಿಗಿ ಮಾತ್ರ ಇದು, ದೊಡ್ಡವ್ರಿಗಿಲ್ಲ.”

“ಹಂಗಿದ್ರ ನಿನ್ನ ಹೆಸರಿಲೆ ಎಷ್ಟಿದ್ದವು ಹೇಳು, ಮುಗೀತು.”

“ಎಣಸಾಕ ಬಂದಿದ್ರ ನಿನ್ನ ಯಾಕ ಕರಸ್ತಿದ್ದೆ? ಕೇಳಿಲ್ಲೆ. ಕಾಕಾ ಸತ್ತ ಮ್ಯಾಗ ಹಿರಿಯರು ದೊಡ್ಡಿ ಬಾಗಲದಾಗ ನಿಂತು ಗುರುತಿನ ಕುರಿ ಬ್ಯಾರೆ ಮಾಡಿದ್ರು. ನಿಂದೊಂದು, ನಂದೈದು. ನಿಂದೊಂದು, ನಂದೈದು. ಹಂಗಾ ಬಿಟ್ಕೋತ ಹೋದ್ರು. ಕಡೀಕ ಒಂದೂ ಉಳೀಲಿಲ್ಲ, ಸರಿ ಹೋತು. ಎಷ್ಟು ಸಲ ಬಿಟ್ರೋ, ನಾ ಅಳಕೋತ ನಿಂತಿದ್ದೆ, ನೆನಪಿಲ್ಲ. ಆಮ್ಯಾಗ ನಮ್ಮಪ್ಪನೂ ತಮ್ಮನ ಪದ್ಧತಿ ಬಿಡಲಿಲ್ಲ. ದೀಪಾವಳಿಗಿ ಇಬ್ರಿಗೂ ಒಂದೊಂದು. ನನ್ನ ಮದುವ್ಯಾಗ ಮತ್ತ ಬ್ಯಾರೆ ಮಾಡಿದ್ರು. ಆವಾಗ ನಿಂದೊಂದು, ನಂದೆರಡು. ಆಗೂ ಒಂದೂ ಉಳೀಲಿಲ್ಲ.”

“ಮದುವಿ ಯಾವ ವರ್ಷ?”

“ನಿನ್ನ ಸಾಲಿಗಿ ಹಚ್ಚಿದ ವರ್ಷ. ನಾ ಈ ಕಡೆ ಗಂಡನ ಮನಿಗಿ ಹೊಂಟೆ, ನಿನ್ನ ನೋಡ್ಕೊಳ್ಳಾಕ ಯಾರೂ ಇಲ್ಲಂತ ಆ ವಾರಾನಾ ಸಾಲಿಗಿ ಹಾಕಿದ್ರು.”

ಒಳಗೆ ಕೂಸು ಮತ್ತೆ ಅಳತೊಡಗಿತು. ಮಾಸ್ತರರು ಇಷ್ಟನ್ನೂ ಬಸ್ ಟಿಕೆಟಿನ ಹಿಂದೆ ಗೀಚಿಕೊಂಡು, ‘ನಿಂದು’ ಎಂದರೆ ನಮ್ಮ ಮನೆಯದು, ಅವ್ವನ ಪಾಲು ಇರಬೇಕು ಎಂದು ಗಡಿಬಿಡಿಯಲ್ಲಿ ಅಂದುಕೊಂಡು ಎದ್ದರು. ಶೈಲಶ್ರೀ ಕೂಸನ್ನು ತೋರಿಸಲು ಬಾಗಿಲಿಗೆ ತರುವಷ್ಟರಲ್ಲಿ ಅವರು ಅಂಗಳ ದಾಟಿದ್ದರು. ಬಸ್ಸು ಬಂದೀತೆಂದು ಕೈ ಮಾಡಿ ತೋರಿಸಿದರು. ಬಸ್ಸು ಬರಲು ಇನ್ನೂ ಮುಕ್ಕಾಲು ಗಂಟೆ ಇತ್ತು.

ಮರುದಿನ ಬೆಳಿಗ್ಗೆ ಚಹಾ ಕುಡಿದು ಮಂಚದ ಮೇಲೆ ಕೂತು ಲೆಕ್ಕಕ್ಕೆ ಕೈ ಹಾಕಿದಾಗ ಬಹಳ ದಿನಗಳ ಮೇಲೆ ಅವರಿಗೆ ಜೀವ ಬಂದಂತಾಯಿತು. ಒಂಬತ್ತನೇ ತರಗತಿಯ ಲೆಕ್ಕ. ಕಣ್ಣು ಮುಚ್ಚಿ ಬಿಡಿಸಬಹುದು. ಬೀಳ್ಕೊಡುಗೆಯ ಆಮಂತ್ರಣ ಪತ್ರಿಕೆಯ ಹಿಂಬದಿ ಖಾಲಿ ಇತ್ತು. ಅನುಪಾತದಲ್ಲಿ ಸಣ್ಣದನ್ನು x ಎಂದು ಹಿಡಿಯಬೇಕು. ಹಿಡಿದರು. ದುರುಗಪ್ಪ ಸತ್ತ ದಿನ ಮಾರೆಮ್ಮನವು 5x. ಅವನು ಸತ್ತದ್ದು ಅರವತ್ತೈದರ ಜನವರಿ, ಮಾರೆಮ್ಮನ ಮದುವೆ ತಾವು ಶಾಲೆಗೆ ಸೇರಿದ ಎಪ್ಪತ್ತೊಂದರ ಜೂನ್. ನಡುವೆ ಆರು ದೀಪಾವಳಿ. ಎರಡೂ ಕಡೆ ಆರಾರು ಮರಿ ಕೂಡಿದವು. ಆ ಮೇಲೆ ಒಂದಕ್ಕೆ ಎರಡು.

5x + 6 = 2(x + 6)

ಆವರಣ ಬಿಡಿಸಿ, x ಇದ್ದವನ್ನು ಒಂದು ಕಡೆ, ಉಳಿದವನ್ನು ಇನ್ನೊಂದು ಕಡೆ ತಂದರು. 3x = 6. x = 2. ಮಾರೆಮ್ಮನವು ಹತ್ತು. ಐವತ್ತೈದರ ದೀಪಾವಳಿಯಿಂದ ಅರವತ್ನಾಲ್ಕರ ದೀಪಾವಳಿವರೆಗೆ ಹತ್ತು. ಅಂದರೆ ಅಕ್ಕನಿಗೆ ಈಗ ಎಪ್ಪತ್ತು. ಮದುವೆಯಾದಾಗ ಹದಿನಾರು ಮರಿ. ಎಲ್ಲ ಸರಿ ಕೂತಿತು. ಮಾಸ್ತರರು ಉತ್ತರದ ಕೆಳಗೆ ಎರಡು ಗೆರೆ ಎಳೆದರು.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಕೈ ಕೇಳಬೇಕಲ್ಲ. ವಾಕ್ಯರೂಪದ ಲೆಕ್ಕವೆಂದರೆ ಮೇಲ್ಗಡೆ ‘x ಎಂದರೆ’ ಎಂದು ಬರೆದಿರಬೇಕು, ಇಲ್ಲದಿದ್ದರೆ ಅವರು ಮಕ್ಕಳಿಗೆ ಅರ್ಧ ಅಂಕ ಕಳೆಯುತ್ತಿದ್ದರು. ಇವತ್ತು ತಾವೇ ಅವಸರದಲ್ಲಿ ಬರೆದಿರಲಿಲ್ಲ. ಹಾಳೆಯ ತಲೆಯಲ್ಲಿದ್ದ ಜಾಗದಲ್ಲಿ ಬರೆಯತೊಡಗಿದರು: ‘x ಎಂದರೆ ದುರುಗಪ್ಪ ಸತ್ತ ದಿನ ರೇವಣಸಿದ್ದನ ಹೆಸರಿನಲ್ಲಿದ್ದ ಮರಿಗಳು.’

ಬರೆದು ಪೂರ್ಣವಿರಾಮ ಇಟ್ಟ ಮೇಲೆ ಪೆನ್ನು ಮುಂದೆ ಹೋಗಲಿಲ್ಲ.

ಅವ್ವನ ಪಾಲು ಇರಬೇಕು ಎಂದುಕೊಂಡಿದ್ದರಲ್ಲ, ಅದಕ್ಕೆ ಜೋತುಬಿದ್ದರು. ಆದರೆ ದೊಡ್ಡವರಿಗಿಲ್ಲ, ಮಕ್ಕಳಿಗೆ ಮಾತ್ರ ಎಂದು ಮಾರೆಮ್ಮ ಬಾಯಿಬಿಟ್ಟು ಹೇಳಿದ್ದಳು. ಹಿರಿಯರು ಮುಂದೆ ಹುಟ್ಟುವ ಕೂಸಿಗೆಂದು ಎರಡು ಬಿಟ್ಟಿರಬಹುದೇ? ಗುರುತು ಮಾಡಿದ್ದು ಅಪ್ಪನ ಕೈ, ಅದೂ ದೀಪಾವಳಿಗೆ, ವರ್ಷಕ್ಕೆ ಒಂದು. ಹುಟ್ಟಿರದ ಕೂಸಿಗೆ ಎರಡು ದೀಪಾವಳಿ ಎಲ್ಲಿಂದ ಬರಬೇಕು? ಮಾರೆಮ್ಮ ತಪ್ಪು ಹೇಳಿದಳೋ ಏನೋ ಎಂದು x ಇದ್ದಲ್ಲಿ ಸೊನ್ನೆ ಹಾಕಿ ನೋಡಿದರು. ಎಡಕ್ಕೆ ಆರು ಬಂತು, ಬಲಕ್ಕೆ ಹನ್ನೆರಡು. ಇಷ್ಟು ವರ್ಷ ತಾವು ನಂಬಿದ್ದನ್ನು ಒಳಗಿಟ್ಟರೆ, ಸೊನ್ನೆಯ ಐದು ಪಟ್ಟು ಸೊನ್ನೆಯೇ ಆಗಿ, ಮಾರೆಮ್ಮನ ಹೆಸರಿನಲ್ಲೂ ಅವತ್ತು ಒಂದೂ ಮರಿ ಇರಬಾರದಾಗಿತ್ತು. ಹತ್ತು ವರ್ಷದ ಹುಡುಗಿಯೂ ಹುಟ್ಟಿಯೇ ಇರಬಾರದಾಗಿತ್ತು.

ಹಾಗಾದರೆ ಎರಡು. ಎರಡು ದೀಪಾವಳಿ. ಅರವತ್ಮೂರರದ್ದು ಒಂದು, ಅರವತ್ನಾಲ್ಕರದ್ದು ಒಂದು.

ಟ್ರಂಕು ತೆಗೆದು ಎರಡೂ ಕಾಗದಗಳನ್ನು ಹಾಸಿಗೆಯ ಮೇಲೆ ಹರಡಿದರು. ಶಾಲೆಗೆ ಸೇರಿಸಿದ ದಿನದ್ದು ಮಸುಕು ಮಸುಕಾಗಿ ನೆನಪಿತ್ತು. ಹೆಡ್‌ಮಾಸ್ತರರ ಮೇಜಿನ ಮುಂದೆ ಕೈಯನ್ನು ನೆತ್ತಿಯ ಮೇಲಿಂದ ಹಾಕಿದಾಗ ಬೆರಳು ಕಿವಿಯನ್ನು ಮುಟ್ಟಿ ಕೆಳಗೆ ದವಡೆಯವರೆಗೆ ಇಳಿದಿತ್ತು. ಕೈ ಕಿವಿ ಮುಟ್ಟಿತೇ ಎಂದಷ್ಟೇ ಅವರು ನೋಡಿದ್ದು, ಎಷ್ಟು ದಾಟಿತು ಎಂದು ಯಾರು ನೋಡುತ್ತಾರೆ? ಎಂಟು ವರ್ಷದವನಿಗೆ ಆರು ಎಂದು ಬರೆದು ಮುಂದಿನವನನ್ನು ಕರೆದಿದ್ದರು. ಇಷ್ಟು ಸಣ್ಣ ತಪ್ಪು. ಸ್ಟಾಫ್ ರೂಮಿನಲ್ಲಿ ಇದೇ ತಪ್ಪನ್ನು ಹೇಳಿ ಹೇಳಿ ನಕ್ಕವರಲ್ಲಿ ಮಾಸ್ತರರೇ ಮೊದಲಿಗರು.

ಉತ್ತರ ಸಿಕ್ಕವನಿಗೆ ಅದನ್ನು ಯಾರಿಗಾದರೂ ಹೇಳಬೇಕೆನಿಸುತ್ತದೆ. ಮಾಸ್ತರರು ಫೋನ್ ಕೈಯಲ್ಲಿ ಹಿಡಿದು ಹೆಸರುಗಳನ್ನು ಮೇಲಿನಿಂದ ಕೆಳಗೆ ನೋಡುತ್ತ ಹೋದರು. ಹೆಡ್‌ಮಾಸ್ತರ್, ಬಿ.ಇ.ಓ. ಆಫೀಸು, ಗ್ಯಾಸ್ ಏಜೆನ್ಸಿ, ಸಂಘಮಿತ್ರಾ. ಸಂಘಮಿತ್ರಾಳಿಗೆ ಏನೆಂದು ಹೇಳುವುದು? ನಾಗವೇಣಿಯ ನಂಬರು ಅವರ ಹತ್ತಿರ ಯಾವತ್ತೂ ಇರಲಿಲ್ಲ, ಇದ್ದಿದ್ದರೂ ಈಗ ಆಕೆ ಅಜ್ಜಿಯಾಗಿರಬೇಕು. ಕೊನೆಗೆ ಕೆಳಗಿಳಿದರು. ಸತ್ತಾರ್ ಸಾಬ್ ಅಂಗಳದಲ್ಲಿ ಕೂಲರಿನ ಹುಲ್ಲು ಬದಲಿಸುತ್ತಿದ್ದರು.

“ಸಾಬರ, ನಾನು ಎರಡು ವರ್ಷದಾಂವ ಇದ್ದೆ,” ಎಂದರು ಮಾಸ್ತರರು.

ಸತ್ತಾರ್ ಸಾಬ್ ತಲೆಯೆತ್ತಿ ನೋಡಿದರು. “ಎಲ್ಲಾರೂ ಒಂದು ದಿನ ಇದ್ದೇ ಇರತಾರಲ್ರೀ ಮಾಸ್ತರ್. ಚಹಾ ಕುಡೀತೀರೇನು? ಬಿಸಿಲಾಗ ಭಾಳ ತಿರಗಬ್ಯಾಡ್ರಿ.”

ಅವರ ತಪ್ಪೇನೂ ಇರಲಿಲ್ಲ. ಹೊರಗಿನವರಿಗೆ ಹೇಳುವಂಥ ಮಾತಲ್ಲ ಅದು. ಮಾಸ್ತರರು ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿಗೆ ನಡೆದರು. ದಾರಿಯುದ್ದಕ್ಕೂ ಬಸ್ಸಿನ ಕಿಟಕಿಗೆ ತಲೆ ಆನಿಸಿ, ಎರಡು ವರ್ಷದ ಮಗುವಿಗೆ ಏನೇನು ಬರುತ್ತದೆ ಎಂದು ಯೋಚಿಸಿದರು. ನಡೆಯಲು ಬರುತ್ತದೆ. ಅಪ್ಪ ಎನ್ನಲು ಬರುತ್ತದೆ. ತಾನು ಅಂದಿರಬೇಕು. ಎಷ್ಟು ಸಲ ಅಂದೆನೋ, ಅವನು ಎಷ್ಟು ಸಲ ಓಗೊಟ್ಟನೋ. ಎಷ್ಟು ಹುಡುಕಿದರೂ ಅದರ ಒಂದು ಚೂರೂ ನೆನಪಿನಲ್ಲಿ ಸಿಗಲಿಲ್ಲ.

ಮಾರೆಮ್ಮ ಬೇವಿನ ಗಿಡದ ಕೆಳಗೆ ಮೊರದಲ್ಲಿ ಸಜ್ಜೆ ಹಸನು ಮಾಡುತ್ತ ಕೂತಿದ್ದಳು. ಎರಡು ದಿನ ಸಾಲಾಗಿ ಬಂದ ತಮ್ಮನನ್ನು ಕಂಡು ಅವಳಿಗೆ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಯಿತು.

“ಅಕ್ಕಾ, ನಿನಗ ಎಪ್ಪತ್ತು,” ಎಂದರು ಮಾಸ್ತರರು.

“ಎಪ್ಪತ್ತಾ? ನೋಡು ಮತ್ತ! ನಾ ಅದಾ ಅನ್ನಾಕತ್ತಿದ್ದೆ,” ಎಂದು ಮಾರೆಮ್ಮ ಒಳಗೆ ಕೇಳಿಸುವಂತೆ ಕೂಗಿ ಹೇಳಿದಳು. ಆಮೇಲೆ ತಮ್ಮನ ಮುಖ ನೋಡಿ ಮೊರ ಕೆಳಗಿಟ್ಟಳು. “ಯಾಕೋ? ಮಕಾ ಯಾಕ ಹಂಗಾಗ್ಯದ?”

“ಅಪ್ಪ ಸತ್ತಾಗ ನಾ ಹುಟ್ಟಿದ್ದೆನಾ ಅಕ್ಕಾ?”

“ಹುಟ್ಟಿದ್ದೆನಾ ಅಂದ್ರ?”

ಮಾಸ್ತರರು ಹೇಳಿದರು. ಎರಡು ಕಾಗದದ್ದು, ನಾಲ್ಕೂವರೆ ತಿಂಗಳದ್ದು, ದೊಡ್ಡವ್ವನ ಮಾತಿನದ್ದು, ನಾಗವೇಣಿಯದ್ದು. ಜೀವಮಾನದಲ್ಲಿ ಯಾರ ಮುಂದೂ ಆಡದ ಮಾತು ಐದು ನಿಮಿಷದಲ್ಲಿ ಮುಗಿದುಹೋಯಿತು. ಮಾರೆಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡು ಕೇಳಿಸಿಕೊಂಡಳು.

“ಇಷ್ಟು ವರ್ಷ ಇದನ್ನ ಹೊಟ್ಯಾಗ ಇಟ್ಕೊಂಡಿದ್ದೇನೋ? ನಾ ಇಲ್ಲೇ ಇದ್ದೆನಲ್ಲೋ. ಒಂದು ಮಾತು ಯಾಕ ಕೇಳಲಿಲ್ಲ? ನೀ ಹಂಗ ತಿಳಕೊಂಡಿ ಅಂತ ನನಗರ ಹೆಂಗ ಗೊತ್ತಾಗಬೇಕು?”

ತಿಳಿಯದಿದ್ದರೆ ಕೇಳಿರಿ ಎಂದು ಮೂವತ್ತೈದು ವರ್ಷ ಮಕ್ಕಳಿಗೆ ಗದರಿಸಿದ ಮನುಷ್ಯ ಮಾಸ್ತರರು.

“ಮತ್ತ ದೊಡ್ಡವ್ವ ಯಾಕ ಹಂಗ ಅಂತಿದ್ಲು?” ಎಂದು ಈಗ ಕೇಳಿದರು.

ಮಾರೆಮ್ಮ ಮೊರವನ್ನು ಇನ್ನಷ್ಟು ಆಚೆ ಸರಿಸಿದಳು. ಹೇಳಲೋ ಬೇಡವೋ ಎಂದು ತೂಗುತ್ತಿದ್ದದ್ದು ಮುಖದಲ್ಲಿ ಕಾಣುತ್ತಿತ್ತು.

“ಎಳ್ಳಮವಾಸಿ ಆಗಿ ಹದಿನೈದು ದಿನ ಆಗಿರಬೇಕು. ಜ್ವಾಳದ ಹೊಲದ ಬದುವಿನ ಮ್ಯಾಗ ಕಾಕಾ ನಿನ್ನ ಆಡಸಾಕತ್ತಿದ್ದ. ಮ್ಯಾಲ ಹಾರಸೂದು, ಹಿಡಿಯೂದು. ನಾ ಈ ಕಡೆ ಕುರಿ ನೋಡ್ಕೋತ ನಿಂತಿದ್ದೆ. ನಿನ್ನ ಹಾರಿಸಿ ಹಿಂದಕ್ಕ ಒಂದು ಹೆಜ್ಜಿ ಇಟ್ಟ, ಹಾವಿನ ಮ್ಯಾಗ ಇಟ್ಟ. ನೀ ಮ್ಯಾಲ ಇದ್ದಿ ಆವಾಗ. ಅದು ಕಡೀತು. ಕಾಲು ಝಾಡಿಸಲಿಲ್ಲ ತಮ್ಮಾ, ಕೂಗಲಿಲ್ಲ, ಕೆಳಗೂ ನೋಡಲಿಲ್ಲ. ಮೊದಲು ನಿನ್ನ ಹಿಡಕೊಂಡ. ಹಿಡಕೊಂಡು ನನ್ನ ತನಕ ನಡಕೋತ ಬಂದು ನನ್ನ ಬಗಲಾಗ ಕೊಟ್ಟ. ಘಟ್ಟಿ ಹಿಡಕೋ ಮಾರಿ ಅಂದ. ಆಮ್ಯಾಗ ಕುಂತು ಕಾಲು ನೋಡ್ಕೊಂಡ.”

ಬೇವಿನ ಗಿಡದ ನೆರಳು ಅಷ್ಟರಲ್ಲಿ ಸರಿದು ಇಬ್ಬರ ಮೇಲೂ ಬಿಸಿಲು ಬಿದ್ದಿತ್ತು. ಇಬ್ಬರೂ ಏಳಲಿಲ್ಲ.

“ಕೂಸಿನ ಮಕಾ ನೋಡ್ಕೋತ ನೆಲಾ ನೋಡಲಿಲ್ಲ ಅಂತ ನಮ್ಮವ್ವಗ ಸಿಟ್ಟು. ಮೈದುನ ಅಂದ್ರ ಆಕಿಗಿ ಮಗ ಇದ್ದಂಗ. ಆ ಸಿಟ್ಟು ಹಾವಿನ ಮ್ಯಾಗ ತೀರಸ್ಕೊಳ್ಳಾಕ ಆಗಲಿಲ್ಲ, ನಿನ್ನ ಮ್ಯಾಗ ತೀರಸ್ಕೊಂಡ್ಲು.”

“ನಾ ಏನ್ ಮಾಡಿದೆ?” ಎಂದರು ಮಾಸ್ತರರು. “ಅತ್ತೆನಾ?”

“ನೀ ಎಲ್ಲಿ ಅಳತಿ? ನಿನಗೇನು ತಿಳೀತದ? ಇನ್ನೊಮ್ಮಿ ಹಾರಸು ಅಂತ ನನ್ನ ಬಗಲಾಗಿಂದ ಎರಡೂ ಕೈ ಮಾಡಿ ಅವನ ಕಡೆ ಜೋಲಿ ಹೊಡೀತಿದ್ದಿ. ಅಪ್ಪಾ ಅಪ್ಪಾ ಅಂತ ನಗತಿದ್ದಿ.”

ಅಪ್ಪನ ನೆನಪಾದಾಗಲೆಲ್ಲ ಮಾಸ್ತರರಿಗೆ ಇಷ್ಟು ವರ್ಷ ಬಂದದ್ದು ಹೆದರಿಕೆ, ನಾಚಿಕೆ. ಮುಖ ನೋಡದವನಿಗಾಗಿ ಅಳುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ. ಈಗ ಅಂಗಳದ ಮಣ್ಣಿನ ಮೇಲೆ ಕೂತು, ಒಳಗಿನವರು ಬಾಗಿಲಿಗೆ ಬಂದು ನಿಂತದ್ದನ್ನೂ ಗಮನಿಸದೆ, ಅರವತ್ತೆರಡು ವರ್ಷದ ಆ ಮನುಷ್ಯ ದನಿ ತೆಗೆದು ಅತ್ತರು. ಮಾರೆಮ್ಮ ಅವರ ಬೆನ್ನಿನ ಮೇಲೆ ಕೈ ಇಟ್ಟು ಕೂತಳು. ಏನಾಯಿತು ಎಂದು ಅಯ್ಯಣ್ಣ ಗಾಬರಿಯಾಗಿ ಕೇಳಿದ್ದಕ್ಕೆ, “ಏನಿಲ್ಲ, ಅವರಪ್ಪ ಸತ್ತಾನ,” ಎಂದಳು.